ಗಾಲ್ಫ್ ಆಟಗಾರರ ಕಿಸೆಯ ಪುಟ್ಟ ಪುಸ್ತಕದಲ್ಲಿ ಏನಿದೆ?

2021ರ ಆಗಸ್ಟ್‌ನಲ್ಲಿ, ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಶನಿವಾರ, ಗಾಲ್ಫ್ ಕೋಲನ್ನು ಕಣ್ಣಿಂದಲೂ ಕಾಣದವರು ಬೆಳಗ್ಗೆ ಎದ್ದು ಟಿವಿ ಮುಂದೆ ಕುಳಿತಿದ್ದರು. ಬೆಂಗಳೂರಿನ ಅದಿತಿ ಅಶೋಕ್ ಪದಕದ ಬಾಗಿಲಲ್ಲಿದ್ದರು. ಕಂಚು ಒಂದೇ ಒಂದು ಹೊಡೆತದಿಂದ ತಪ್ಪಿ ನಾಲ್ಕನೆಯ ಸ್ಥಾನ ಸಿಕ್ಕಿತು. ಅಂದು ಹುಟ್ಟಿದ ಕುತೂಹಲ ಕೆಲವು ಮನೆಗಳಲ್ಲಿ ಇನ್ನೂ ಆರಿಲ್ಲ. ಸಾಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರ ಮಗ ಬೆಂಗಳೂರಿನಲ್ಲಿ ಓದುತ್ತ ಗಾಲ್ಫ್ ಕಲಿಯುತ್ತಿದ್ದಾನೆ. ಈಗ ಅವನಿಗೆ ‘ಗ್ರೀನ್ ರೀಡಿಂಗ್ ಬುಕ್’ ಎಂಬ ಪುಸ್ತಕ ಬೇಕಂತೆ. ‘ಆಟಕ್ಕೆ ಪುಸ್ತಕ ಯಾಕೆ? ಅದನ್ನು ನಿಷೇಧಿಸಿದ್ದಾರೆ ಅಂತಲೂ ಹೇಳುತ್ತಾರಲ್ಲ?’ ಎಂಬುದು ತಂದೆಯ ಪ್ರಶ್ನೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಎರಡನೆಯದಕ್ಕೆ ಹೌದು ಎಂದೂ ಹೇಳಬಹುದು, ಇಲ್ಲ ಎಂದೂ ಹೇಳಬಹುದು. ಅದು ಆಮೇಲೆ. ಮೊದಲು ನೆಲದಿಂದ ಶುರು ಮಾಡೋಣ.

ಗ್ರೀನ್ ಎಂಬ ಜಾಗ

ಗಾಲ್ಫ್‌ನಲ್ಲಿ ಚೆಂಡನ್ನು ದೂರದಿಂದ ಹೊಡೆದುಕೊಂಡು ಬಂದು ಕೊನೆಗೆ ಒಂದು ಕುಳಿಗೆ ಬೀಳಿಸಬೇಕು. ಆ ಕುಳಿಯ ಸುತ್ತ ಹುಲ್ಲನ್ನು ಕೆಲವೇ ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿ ನುಣುಪು ಮಾಡಿರುತ್ತಾರೆ. ಆ ಜಾಗವೇ ಗ್ರೀನ್. ಅಲ್ಲಿ ಚೆಂಡನ್ನು ಗಾಳಿಗೆ ಎತ್ತಿ ಹೊಡೆಯುವುದಿಲ್ಲ. ಪಟರ್ ಎಂಬ ಚಪ್ಪಟೆ ತಲೆಯ ಕೋಲಿನಿಂದ ನೆಲದ ಮೇಲೆ ಉರುಳಿಸುತ್ತಾರೆ. ಈ ಹೊಡೆತದ ಹೆಸರು ಪಟ್. ಕುಳಿಯ ಅಗಲ 4.25 ಅಂಗುಲ, ಚೆಂಡಿನದು 1.68 ಅಂಗುಲ.

ಉರುಳಿಸುವುದೇನು ಮಹಾ ಎನ್ನಿಸಬಹುದು. ಆದರೆ 18 ಕುಳಿಗಳ, 72 ಹೊಡೆತಗಳ ಮೈದಾನದಲ್ಲಿ ಪ್ರತಿ ಗ್ರೀನ್‌ಗೆ ಎರಡು ಪಟ್ ಎಂದು ಲೆಕ್ಕ ಹಿಡಿದಿರುತ್ತಾರೆ. ಅಂದರೆ 72ರಲ್ಲಿ 36, ಸರಿಯಾಗಿ ಅರ್ಧ. ಇನ್ನೂರೈವತ್ತು ಗಜ ಹಾರಿಸಿದ್ದೂ ಒಂದು ಹೊಡೆತ, ಎರಡು ಅಡಿ ಉರುಳಿಸಿ ತಪ್ಪಿದ್ದೂ ಒಂದು ಹೊಡೆತ.

ಗ್ರೀನ್ ನೋಡಲು ಸಪಾಟಾಗಿ ಕಂಡರೂ ಸಪಾಟಾಗಿರುವುದಿಲ್ಲ, ಇರಲೂಬಾರದು. ಮಳೆ ನೀರು ನಿಂತರೆ ಹುಲ್ಲು ಕೊಳೆಯುತ್ತದೆ. ಹಾಗಾಗಿ ಕಟ್ಟುವಾಗಲೇ ನೀರು ಹರಿದುಹೋಗುವಷ್ಟು ವಾಟ ಕೊಟ್ಟಿರುತ್ತಾರೆ. ಕುಳಿ ತೋಡುವ ಜಾಗಗಳಲ್ಲಿ ಈ ವಾಟ ಸಾಮಾನ್ಯವಾಗಿ ಶೇ 1ರಿಂದ 3ರಷ್ಟು. ಶೇ 2 ಎಂದರೆ ನೂರು ಅಡಿ ಹೋದರೆ ಎರಡು ಅಡಿ ಇಳಿತ. ಕಣ್ಣಿಗೆ ಇದು ಇದ್ದೂ ಇಲ್ಲದಂತೆ. ಚೆಂಡಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ನೇರ ಹೊಡೆದ ಚೆಂಡು ಇಳಿಜಾರಿನ ಕಡೆಗೆ ಬಾಗಿ ಹೋಗುತ್ತದೆ. ಈ ಬಾಗುವಿಕೆಗೆ ಆಟಗಾರರು ಬ್ರೇಕ್ ಎನ್ನುತ್ತಾರೆ. ಬ್ರೇಕ್ ಎಷ್ಟೆಂದು ಮೊದಲೇ ಅಂದಾಜಿಸಿ, ಅಷ್ಟು ಪಕ್ಕಕ್ಕೆ ಗುರಿ ಇಡುವುದೇ ಗ್ರೀನ್ ಓದುವುದು. ಆ ಕೆಲಸಕ್ಕೆ ನೆರವಾಗುವ ನಕ್ಷೆಗಳ ಕಟ್ಟೇ ಗ್ರೀನ್ ಪುಸ್ತಕ.

ಗೆರೆಗಳನ್ನು ಓದುವುದು ಹೇಗೆ

ಪುಸ್ತಕದ ಒಂದು ಪುಟಕ್ಕೆ ಒಂದು ಗ್ರೀನ್. ಪುಟ ತೆರೆದರೆ ಗ್ರೀನ್‌ನ ಅಂಚಿನ ಆಕಾರ, ಅದರೊಳಗೆ ಸುತ್ತಿ ಬಳಸಿ ಹೋಗುವ ತೆಳು ಗೆರೆಗಳು, ಅಲ್ಲಲ್ಲಿ ಪುಟ್ಟ ಬಾಣಗಳು, ಬಾಣದ ಪಕ್ಕ 1.4, 2.1, 3.0 ಎಂಬಂಥ ಅಂಕಿಗಳು. ಕೆಲವು ಪುಸ್ತಕಗಳಲ್ಲಿ ಗೆರೆಗಳ ಬದಲು ಬಣ್ಣ ತುಂಬಿರುತ್ತಾರೆ. ಬಾಣ ತೋರಿಸುವುದು ನೀರು ಚೆಲ್ಲಿದರೆ ಹರಿಯುವ ದಿಕ್ಕನ್ನು, ಅಂಕಿ ಹೇಳುವುದು ವಾಟದ ಶೇಕಡಾವಾರನ್ನು.

ಆ ತೆಳು ಗೆರೆಗಳೇ ಶಾಲೆಯ ಭೂಗೋಳ ಪಾಠದ ಸಮೋನ್ನತ ರೇಖೆಗಳು, ಅಂದರೆ ಒಂದೇ ಎತ್ತರದಲ್ಲಿರುವ ಬಿಂದುಗಳನ್ನೆಲ್ಲ ಜೋಡಿಸುವ ಗೆರೆಗಳು. ಪಾಠ ಮರೆತಿದ್ದರೂ ಚಿಂತೆಯಿಲ್ಲ, ಮಲೆನಾಡಿನವರು ಇವನ್ನು ದಿನವೂ ನೋಡುತ್ತಾರೆ. ಗುಡ್ಡದ ಮಗ್ಗುಲಿನ ಮಕ್ಕಿ ಗದ್ದೆಗಳನ್ನು ನೆನೆಯಿರಿ. ನಾಟಿಗೆ ಮುನ್ನ ನೀರು ಕಟ್ಟಿದಾಗ ಒಂದು ಗದ್ದೆಯ ನೀರೆಲ್ಲ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಆ ನೀರನ್ನು ತಡೆದ ಅಂಚು ಗುಡ್ಡದ ಮೈ ಹೇಗೆ ತಿರುಗಿದೆಯೋ ಹಾಗೇ ತಿರುಗುತ್ತದೆ. ಮೇಲಿನಿಂದ ನೋಡಿದರೆ ಆ ಅಂಚೇ ಒಂದು ಸಮೋನ್ನತ ರೇಖೆ. ಅಂಚಿನಿಂದ ಅಂಚಿಗೆ ಇಳಿತ ಒಂದೇ ಎಂದಿಟ್ಟುಕೊಂಡರೆ, ಗುಡ್ಡ ಕಡಿದಾಗಿರುವಲ್ಲಿ ಗದ್ದೆ ಕಿರಿದಾಗುತ್ತದೆ, ಅಂಚುಗಳು ಒತ್ತೊತ್ತಾಗುತ್ತವೆ. ಕೆಳಗೆ ಬೈಲಿಗೆ ಬಂದಂತೆ ಗದ್ದೆ ಅಗಲವಾಗುತ್ತದೆ, ಅಂಚುಗಳು ದೂರ ದೂರ ಸರಿಯುತ್ತವೆ. ಗ್ರೀನ್ ನಕ್ಷೆಯೂ ಇಷ್ಟೇ. ಗೆರೆಗಳು ಒತ್ತಾಗಿದ್ದರೆ ಅಲ್ಲಿ ವಾಟ ಹೆಚ್ಚು, ವಿರಳವಾಗಿದ್ದರೆ ಕಡಿಮೆ.

ವ್ಯತ್ಯಾಸವಿರುವುದು ಅಳತೆಯಲ್ಲಿ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ ಕೊಡಚಾದ್ರಿಯಂಥ ಬೆಟ್ಟವನ್ನು ನೋಡಿದರೆ ಸಾಮಾನ್ಯವಾಗಿ ಒಂದು ಗೆರೆಗೂ ಮುಂದಿನ ಗೆರೆಗೂ 20 ಮೀಟರ್ ಎತ್ತರದ ಅಂತರ. ಗ್ರೀನ್ ನಕ್ಷೆಯಲ್ಲಿ ಆ ಅಂತರ ಸೆಂಟಿಮೀಟರ್‌ಗಳಲ್ಲಿ.

ಸಮೋನ್ನತ ರೇಖೆಯನ್ನು ನೇರ ಅಡ್ಡಕ್ಕೆ ದಾಟಿ ಇಳಿಯುವ ದಾರಿಯೇ ಅತಿ ಕಡಿದಾದ ದಾರಿ. ಆಟಗಾರರು ಮೊದಲು ಹುಡುಕುವುದು ಕುಳಿಯ ಮೂಲಕ ಹಾದುಹೋಗುವ ಈ ನೇರ ಇಳಿಜಾರಿನ ಗೆರೆಯನ್ನು. ಆ ಗೆರೆಯ ಮೇಲೇ ಚೆಂಡಿದ್ದರೆ ಅದು ಎಡಬಲಕ್ಕೆ ಬಾಗುವುದಿಲ್ಲ, ನೇರ ಏರುತ್ತದೆ ಅಥವಾ ನೇರ ಇಳಿಯುತ್ತದೆ. ಗೆರೆಯಿಂದ ಪಕ್ಕಕ್ಕೆ ಸರಿದಷ್ಟೂ ಬಾಗು ಹೆಚ್ಚುತ್ತದೆ. ಇನ್ನೂ ಒಂದು ಸೊಗಸಾದ ಸಂಗತಿಯಿದೆ. ಕುಳಿಯ ಸುತ್ತ ವಾಟ ಒಂದೇ ಸಮನಾಗಿದ್ದರೆ, ಸುತ್ತಲ ಯಾವ ದಿಕ್ಕಿನಿಂದ ಒಂದೇ ದೂರದ ಪಟ್ ಆಡಿದರೂ ಗುರಿ ಇಡಬೇಕಾದ ಜಾಗ ಹೆಚ್ಚುಕಡಿಮೆ ಒಂದೇ. ಅದು ಆ ಇಳಿಜಾರಿನ ಗೆರೆಯ ಮೇಲೆ, ಕುಳಿಗಿಂತ ತುಸು ಎತ್ತರದಲ್ಲಿ ಇರುತ್ತದೆ. ಹಾಗಾಗಿಯೇ ಪುಸ್ತಕ ತೆರೆದವರು ತಮ್ಮ ಚೆಂಡಿನ ಬಳಿಯ ಬಾಣಗಳಿಗಿಂತ ಕುಳಿಯ ಬಳಿಯ ಬಾಣಗಳನ್ನು ಹೆಚ್ಚು ಹೊತ್ತು ನೋಡುವುದು. ಅದಕ್ಕೆ ಮತ್ತೊಂದು ಕಾರಣವೂ ಉಂಟು. ಚೆಂಡು ಕುಳಿ ಹತ್ತಿರವಾದಂತೆ ನಿಧಾನವಾಗುತ್ತದೆ, ನಿಧಾನವಾದ ಚೆಂಡನ್ನು ಇಳಿಜಾರು ಸುಲಭವಾಗಿ ಎಳೆದುಕೊಳ್ಳುತ್ತದೆ. ಬಾಗಿನ ದೊಡ್ಡ ಪಾಲು ಕೊನೆಯ ಕೆಲವು ಅಡಿಗಳಲ್ಲೇ ನಡೆದುಹೋಗುತ್ತದೆ.

ವಾಟ ಗೊತ್ತಾದರೆ ಅರ್ಧ ಗೊತ್ತಾದಂತೆ

ಪುಸ್ತಕದ ಬಗ್ಗೆ ಇರುವ ದೊಡ್ಡ ತಪ್ಪುಕಲ್ಪನೆಯೆಂದರೆ ಅದು ಚೆಂಡಿನ ದಾರಿಯನ್ನು ಹೇಳಿಬಿಡುತ್ತದೆ ಎಂಬುದು. ಇಲ್ಲ. ಅದು ನೆಲದ ವಾಟವನ್ನು ಮಾತ್ರ ಹೇಳುತ್ತದೆ. ಆ ವಾಟದಲ್ಲಿ ಚೆಂಡು ಎಷ್ಟು ಬಾಗುತ್ತದೆ ಎಂಬುದು ಗ್ರೀನ್‌ನ ವೇಗವನ್ನು ಅವಲಂಬಿಸಿದೆ. ವೇಗ ಯಾವ ಪುಟದಲ್ಲೂ ಅಚ್ಚಾಗಿರುವುದಿಲ್ಲ, ಏಕೆಂದರೆ ಅದು ದಿನದಿನಕ್ಕೆ ಬೇರೆ.

ವೇಗ ಅಳೆಯಲು ಒಂದು ಸರಳ ಉಪಕರಣವಿದೆ, ಸ್ಟಿಂಪ್‌ಮೀಟರ್. ಎಡ್ವರ್ಡ್ ಸ್ಟಿಂಪ್ಸನ್ ಎಂಬ ಅಮೆರಿಕದ ಹವ್ಯಾಸಿ ಆಟಗಾರ 1935ರಲ್ಲಿ ಇದನ್ನು ರೂಪಿಸಿದರು. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ ಇದನ್ನು ಸುಧಾರಿಸಿ 1978ರಲ್ಲಿ ಮೈದಾನ ನೋಡಿಕೊಳ್ಳುವವರ ಕೈಗೆ ಕೊಟ್ಟಿತು. ಮೂರಡಿ ಉದ್ದದ ಅಲ್ಯೂಮಿನಿಯಂ ಪಟ್ಟಿ, ಉದ್ದಕ್ಕೂ ಒಂದು ಜಾಡು, ಮೇಲ್ತುದಿಯ ಹತ್ತಿರ ಚೆಂಡು ಕೂರಲು ಒಂದು ಗುಣಿ. ಪಟ್ಟಿಯ ಆ ತುದಿಯನ್ನು ಮೆಲ್ಲಗೆ ಎತ್ತುತ್ತ ಹೋದರೆ ಸುಮಾರು 20 ಡಿಗ್ರಿಯಲ್ಲಿ ಚೆಂಡು ತಾನಾಗಿ ಉರುಳಿ ಇಳಿಯುತ್ತದೆ. ಸಮನೆಲದಲ್ಲಿ ಅದು ಎಷ್ಟು ಅಡಿ ದೂರ ಹೋಗಿ ನಿಂತಿತೋ ಅದೇ ಗ್ರೀನ್‌ನ ವೇಗ. ಹತ್ತು ಅಡಿ ಹೋದರೆ ವೇಗ 10.

ಈಗ ಒಂದು ಲೆಕ್ಕ ಹಾಕಿ ನೋಡೋಣ. ಉರುಳುವ ಗೋಳದ ಭೌತಶಾಸ್ತ್ರ ಸಾಕು, ಗಾಳಿ, ಹುಲ್ಲು ಇತ್ಯಾದಿ ಬಿಟ್ಟು ಬರುವ ಅಂದಾಜು ಇದು. ವೇಗ 10ರ ಗ್ರೀನ್‌ನಲ್ಲಿ ಸಮನೆಲದ ಮೇಲೆ ಸರಿಯಾಗಿ 10 ಅಡಿ ಹೋಗುವಂತೆ ಹೊಡೆದಿರಿ. ಅದೇ ಬಲದಿಂದ ಶೇ 2ರ ಏರಿನಲ್ಲಿ ಹೊಡೆದರೆ ಚೆಂಡು 8 ಅಡಿಗೆ ನಿಲ್ಲುತ್ತದೆ. ಶೇ 2ರ ಇಳುಕಲಿನಲ್ಲಿ 13 ಅಡಿ ದಾಟುತ್ತದೆ. ಏರಿನಲ್ಲಿ ಕಳೆದುಕೊಂಡದ್ದಕ್ಕಿಂತ ಇಳುಕಲಿನಲ್ಲಿ ಗಳಿಸಿದ್ದು ಹೆಚ್ಚು ಎಂಬುದನ್ನು ಗಮನಿಸಿ. ಅನುಭವಿಗಳು ಚೆಂಡನ್ನು ಕುಳಿಯ ಕೆಳಗಡೆ ನಿಲ್ಲಿಸಲು ಹೆಣಗುವುದು ಈ ಕಾರಣಕ್ಕೆ. ಇಳುಕಲಿನ ತಪ್ಪು ದುಬಾರಿ.

ಪಕ್ಕದ ವಾಟಕ್ಕೆ ಬರೋಣ. ಹತ್ತು ಅಡಿ ದೂರದ ಪಟ್, ಶೇ 2ರ ವಾಟ ಪೂರ್ತಿ ಅಡ್ಡಕ್ಕೆ, ತಪ್ಪಿದರೂ ಕುಳಿಯಿಂದ ಒಂದಡಿ ಮುಂದೆ ನಿಲ್ಲುವಷ್ಟು ಬಲ. ವೇಗ 10 ಇದ್ದರೆ ಚೆಂಡು ಹತ್ತಿರ ಹತ್ತಿರ ಒಂದಡಿ ಬಾಗುತ್ತದೆ. ವೇಗ 12 ಆದರೆ 14 ಅಂಗುಲದಷ್ಟು. ಎರಡಂಗುಲದ ವ್ಯತ್ಯಾಸ, ಅಂದರೆ ಕುಳಿಯ ಅಗಲದ ಅರ್ಧ. ಕುಳಿಯ ನಡುವಿಗೆ ಬೀಳಬೇಕಿದ್ದ ಚೆಂಡು ಅಂಚಿಗೆ ತಾಗುತ್ತದೆ. ನಕ್ಷೆಯ ಗೆರೆ ಎರಡು ದಿನವೂ ಒಂದೇ!

ವೇಗವನ್ನು ಬದಲಿಸುವ ಸಂಗತಿಗಳಿಗೆ ನಮ್ಮಲ್ಲಿ ಬರವಿಲ್ಲ. ಚಿಕ್ಕಮಗಳೂರಿನಲ್ಲಿ ಗಾಲ್ಫ್ ಮೈದಾನವಿದೆ, ಕೊಡಗಿನ ಬಿಟ್ಟಂಗಾಲದಲ್ಲಿದೆ. ಇಂಥ ಮಲೆಸೀಮೆಯ ಗ್ರೀನ್ ಫೆಬ್ರುವರಿಯ ಮಧ್ಯಾಹ್ನ ಒಣಗಿ ಗಟ್ಟಿಯಾಗಿದ್ದಾಗ ಒಂದು ರೀತಿ, ಬೆಳಗಿನ ಇಬ್ಬನಿಯಲ್ಲಿ ಇನ್ನೊಂದು ರೀತಿ, ಜುಲೈಯ ಜಡಿಮಳೆಯಲ್ಲಿ ಮತ್ತೊಂದು ರೀತಿ. ನೆಂದ ಹುಲ್ಲು ಚೆಂಡನ್ನು ಹಿಡಿಯುತ್ತದೆ. ಜೋರಾಗಿ ಹೊಡೆಯಬೇಕಾಗುತ್ತದೆ, ಬಾಗು ಕಡಿಮೆಯಾಗುತ್ತದೆ. ಇದರ ಜತೆಗೆ ಹುಲ್ಲಿನ ಒರಗು. ಬೆಚ್ಚಗಿನ ಸೀಮೆಗಳ ಗ್ರೀನ್‌ಗಳಲ್ಲಿ ಹೆಚ್ಚಾಗಿರುವ ಬರ್ಮುಡಾ ಜಾತಿಯ ಹುಲ್ಲು ಒಂದು ಕಡೆಗೆ ಮಲಗಿ ಬೆಳೆಯುತ್ತದೆ. ಒರಗಿದ ದಿಕ್ಕಿನಲ್ಲೇ ಉರುಳಿದರೆ ಚೆಂಡು ಓಡುತ್ತದೆ, ಎದುರಾದರೆ ತಡೆಯುತ್ತದೆ. ಒರಗಿದ ದಿಕ್ಕಿನಲ್ಲಿ ನೋಡಿದರೆ ಹುಲ್ಲು ಹೊಳೆಯುತ್ತದೆ, ಎದುರು ದಿಕ್ಕಿನಲ್ಲಿ ನೋಡಿದರೆ ಮಂಕಾಗಿ ಕಾಣುತ್ತದೆ. ಕುಳಿಯ ಅಂಚಿನಲ್ಲಿ ಯಾವ ಮಗ್ಗುಲಿನ ಹುಲ್ಲು ಸವೆದು ಒರಟಾಗಿದೆ ಎಂದು ನೋಡಿಯೂ ಹೇಳುವವರಿದ್ದಾರೆ. ಇವೆಲ್ಲ ನಕ್ಷೆ ತಯಾರಿಸುವ ಲೇಸರ್ ಅಳತೆಗೆ ಸಿಕ್ಕುವಂಥವಲ್ಲ.

ಗುಡ್ಡದಲ್ಲಿ ಕಣ್ಣು ಮೋಸ ಹೋಗುವ ಬಗೆ

ಹಾಗಾದರೆ ಪುಸ್ತಕದ ನಿಜವಾದ ಉಪಯೋಗ ಎಲ್ಲಿ? ನನ್ನ ಅಭಿಪ್ರಾಯದಲ್ಲಿ, ಬಯಲುಸೀಮೆಯ ಮೈದಾನಕ್ಕಿಂತ ಗುಡ್ಡದ ಮೈದಾನದಲ್ಲಿ.

ಯಾವುದು ಸಮ, ಯಾವುದು ಓರೆ ಎಂದು ತೀರ್ಮಾನಿಸಲು ಕಣ್ಣಿಗೆ ಒಂದು ಆಧಾರ ಬೇಕು. ಬಯಲಿನಲ್ಲಿ ದಿಗಂತವೇ ಆಧಾರ. ಮಲೆನಾಡಿನಲ್ಲಿ ದಿಗಂತ ಎಲ್ಲಿದೆ? ನಾಲ್ಕೂ ಕಡೆ ಗುಡ್ಡ, ಕಾಡು, ಕಾಫಿ ತೋಟ. ಆಗ ಕಣ್ಣು ಸುತ್ತಲ ನೆಲವನ್ನೇ ಸಮವೆಂದು ಅರ್ಧಂಬರ್ಧ ಒಪ್ಪಿಕೊಂಡುಬಿಡುತ್ತದೆ. ಒಂದು ಗುಡ್ಡದ ಮೈ ಪಶ್ಚಿಮಕ್ಕೆ ಶೇ 8ರಷ್ಟು ಇಳಿಯುತ್ತದೆ, ಅದನ್ನು ಕಡಿದು ಮಾಡಿದ ಗ್ರೀನ್ ಕೂಡ ಪಶ್ಚಿಮಕ್ಕೇ ಶೇ 2ರಷ್ಟು ವಾಲಿದೆ ಎಂದುಕೊಳ್ಳಿ. ಸುತ್ತಲಿನ ಜೋರು ಇಳಿಜಾರಿನ ನಡುವೆ ಆ ಗ್ರೀನ್ ಪೂರ್ವಕ್ಕೆ ಏರಿರುವ ಬದಲು ಪೂರ್ವಕ್ಕೇ ಇಳಿದಂತೆ ಕಾಣಬಹುದು. ಆಟಗಾರ ಪೂರ್ವಕ್ಕೆ ಬಾಗುತ್ತದೆಂದು ಪಶ್ಚಿಮಕ್ಕೆ ಗುರಿಯಿಡುತ್ತಾನೆ, ಚೆಂಡು ಇನ್ನೂ ಪಶ್ಚಿಮಕ್ಕೆ ಹೋಗುತ್ತದೆ. ತಪ್ಪು ಎರಡು ಪಟ್ಟು.

ಲೇಹ್ ಬಳಿಯ ‘ಮ್ಯಾಗ್ನೆಟಿಕ್ ಹಿಲ್’ನಲ್ಲಿ ಎಂಜಿನ್ ಆರಿಸಿದ ಕಾರು ಏರು ಹತ್ತಿದಂತೆ ಕಾಣುವುದೂ ಇದೇ ಭ್ರಮೆಯಿಂದ. ಅಲ್ಲಿ ಅಯಸ್ಕಾಂತವೂ ಇಲ್ಲ, ಪವಾಡವೂ ಇಲ್ಲ. ರಸ್ತೆ ಇಳಿಯುತ್ತಿದೆ, ಸುತ್ತಲ ಬೆಟ್ಟಗಳ ಓರೆಯಿಂದಾಗಿ ಏರಿದಂತೆ ತೋರುತ್ತದೆ.

‘ಚೆಂಡು ಬೆಟ್ಟದಿಂದ ದೂರಕ್ಕೆ ಬಾಗುತ್ತದೆ’, ‘ನೀರಿನ ಕಡೆಗೆ ಬಾಗುತ್ತದೆ’ ಎಂದು ಹಳೆಯ ಕ್ಯಾಡಿಗಳು ಹೇಳುತ್ತಾರೆ. ಕ್ಯಾಡಿ ಎಂದರೆ ಆಟಗಾರನ ಚೀಲ ಹೊತ್ತು ಸಲಹೆ ಕೊಡುವ ಸಹಾಯಕ. ಈ ಮಾತುಗಳ ಹಿಂದೆ ಗುಟ್ಟಿನ ಶಕ್ತಿಯೇನೂ ಇಲ್ಲ. ಸುತ್ತಲ ನೆಲದ ದೊಡ್ಡ ಇಳಿಜಾರನ್ನು ಮರೆಯಬೇಡ ಎಂಬ ಎಚ್ಚರಿಕೆ ಅಷ್ಟೇ. ನಕ್ಷೆ ಆ ಎಚ್ಚರಿಕೆಗೆ ಅಂಕಿ ಕೊಡುತ್ತದೆ. ಕಣ್ಣು ಪೂರ್ವ ಎಂದಾಗ ಬಾಣ ಪಶ್ಚಿಮ ಎಂದರೆ, ಇನ್ನೊಮ್ಮೆ ಸುತ್ತು ಹಾಕಿ ನೋಡಬೇಕು ಎಂದು ಅರ್ಥ.

ಪುಸ್ತಕ ತಯಾರಾಗುವುದು ಹೇಗೆ

ತಯಾರಿಕೆಯಲ್ಲಿ ಹೆಚ್ಚಿನ ಗೂಢವಿಲ್ಲ. ಗ್ರೀನ್ ಪಕ್ಕದಲ್ಲಿ ಮುಕ್ಕಾಲಿಯ ಮೇಲೆ ಲೇಸರ್ ಸ್ಕ್ಯಾನರ್ ನಿಲ್ಲಿಸುತ್ತಾರೆ. ಅದು ಸುತ್ತಲೂ ಕಿರಣ ಬೀರಿ, ನೆಲದ ಅಸಂಖ್ಯ ಬಿಂದುಗಳ ದೂರ ಮತ್ತು ಎತ್ತರವನ್ನು ದಾಖಲಿಸುತ್ತದೆ. ಕಂಪ್ಯೂಟರ್ ಅವುಗಳಿಂದ ಗೆರೆ, ಬಾಣ, ಅಂಕಿಗಳನ್ನು ಬಿಡಿಸುತ್ತದೆ. ರಸ್ತೆ, ಅಣೆಕಟ್ಟು ಸರ್ವೆಗೆ ಬಳಸುವ ತಂತ್ರವೇ ಇದು. ಒಮ್ಮೆ ಅಳೆದ ಗ್ರೀನ್‌ಗೆ ಮತ್ತೆ ಮಣ್ಣು ಹಾಕಿದರೆ, ಅಂಚು ಬದಲಿಸಿದರೆ ನಕ್ಷೆ ಹಳತಾಯಿತು. ಕುಳಿಯ ಜಾಗವಂತೂ ಆಗಾಗ ಬದಲಾಗುತ್ತಲೇ ಇರುತ್ತದೆ. ಆ ದಿನದ ಜಾಗವನ್ನು ಆಟಗಾರರೇ ಪೆನ್ಸಿಲ್‌ನಿಂದ ಗುರುತು ಹಾಕಿಕೊಳ್ಳುತ್ತಾರೆ.

ನಿಷೇಧವೇ, ಅಲ್ಲವೇ?

ಗಾಲ್ಫ್ ನಿಯಮಗಳನ್ನು ಬರೆಯುವುದು ಎರಡು ಸಂಸ್ಥೆಗಳು: ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಆರ್ ಅಂಡ್ ಎ ಮತ್ತು ಅಮೆರಿಕದ ಯುಎಸ್‌ಜಿಎ. ಅವು ಎರಡು ಹೆಜ್ಜೆ ಇಟ್ಟಿವೆ, ಜನ ಎರಡನ್ನೂ ಬೆರೆಸಿಬಿಡುತ್ತಾರೆ.

ಮೊದಲ ಹೆಜ್ಜೆ 2019ರದು, ಎಲ್ಲ ಆಟಗಾರರಿಗೂ ಅನ್ವಯ. ಪುಸ್ತಕ ಬಳಸಬಹುದು, ಆದರೆ ನಕ್ಷೆಯಲ್ಲಿ ಐದು ಗಜಕ್ಕೆ ಒಂದು ಅಂಗುಲದ ಎಂಟನೆಯ ಮೂರು ಭಾಗಕ್ಕಿಂತ ಹೆಚ್ಚು ಜಾಗ ಕೊಡುವಂತಿಲ್ಲ. ಅಂದರೆ 1:480 ಪ್ರಮಾಣ. ಪುಸ್ತಕದ ಅಳತೆ 4.25 ಅಂಗುಲ ಅಗಲ, 7 ಅಂಗುಲ ಉದ್ದ ಮೀರಬಾರದು. (ಆ ಅಗಲ ಕುಳಿಯ ಅಗಲವೇ ಆಗಿರುವುದು ತಮಾಷೆಯಾಗಿದೆ.) ಭೂತಗನ್ನಡಿ ಹಿಡಿದು ನೋಡುವಂತಿಲ್ಲ, ದಿನವೂ ಹಾಕುವ ಕನ್ನಡಕಕ್ಕೆ ಅಡ್ಡಿಯಿಲ್ಲ. ಮೊಬೈಲ್ ಪರದೆಯ ನಕ್ಷೆಗೂ ಇದೇ ಮಿತಿ. ಚೆಂಡು ಇರುವ ಜಾಗವನ್ನು ಕೊಟ್ಟರೆ ಇಂಥ ಕಡೆ ಹೊಡೆ ಎಂದು ಸೂಚಿಸುವ ಸಾಧನವಂತೂ ಕೂಡದು. ಆಟದ ನಡುವೆ ಮಟ್ಟಗೋಲು ಇಟ್ಟು ವಾಟ ಅಳೆಯುವುದೂ ಕೂಡದು.

ಈ ಪ್ರಮಾಣ ಎಷ್ಟು ಬಿಗಿ ಎಂದು ಕಾಗದದ ಮೇಲೆ ನೋಡಿದರೆ ತಿಳಿಯುತ್ತದೆ. ಹತ್ತು ಅಡಿಯ ಪಟ್ ನಕ್ಷೆಯಲ್ಲಿ ಬರೀ ಕಾಲು ಅಂಗುಲ. ಒಂದು ಬಾಣ, ಒಂದು ಅಂಕಿ ಬರೆದರೆ ಆ ಜಾಗ ಮುಗಿಯಿತು. ಗ್ರೀನ್‌ನ ಒಟ್ಟು ಒಲವು ಸಿಗುತ್ತದೆ, ಹೆಜ್ಜೆ ಹೆಜ್ಜೆಯ ಏರಿಳಿತ ಸಿಗುವುದಿಲ್ಲ. ನಿಯಮ ಬಯಸಿದ್ದೂ ಅದನ್ನೇ.

ಎರಡನೆಯ ಹೆಜ್ಜೆ 2022ರ ಜನವರಿ 1ರಿಂದ ಜಾರಿಗೆ ಬಂದ ಜಿ-11 ಎಂಬ ಮಾದರಿ ಸ್ಥಳೀಯ ನಿಯಮ. ಟೂರ್ನಿ ನಡೆಸುವವರು ಬೇಕೆಂದರೆ ಇದನ್ನು ಅಳವಡಿಸಿಕೊಳ್ಳಬಹುದು. ಆಗ ಟೂರ್ನಿ ಸಮಿತಿ ಒಪ್ಪಿದ ಪುಸ್ತಕ ಮಾತ್ರ ಬಳಸಬೇಕು, ಅದರಲ್ಲಿ ಗ್ರೀನ್‌ನ ದೊಡ್ಡ ಏರಿಳಿತಗಳಷ್ಟೇ ಇರುತ್ತವೆ, ಬಾಣ, ಶೇಕಡಾವಾರುಗಳ ವಿವರ ಇರುವುದಿಲ್ಲ. ಆಟಗಾರನೋ ಕ್ಯಾಡಿಯೋ ಸ್ವತಃ ಆಡಿ, ನೋಡಿ, ಅಥವಾ ಟಿವಿ ಪ್ರಸಾರದಲ್ಲಿ ಕಂಡು ತಿಳಿದದ್ದನ್ನು ಕೈಯಲ್ಲಿ ಬರೆದುಕೊಳ್ಳಬಹುದು. ಅಮೆರಿಕದಲ್ಲಿ ವೃತ್ತಿಪರರ ಟೂರ್ನಿಗಳನ್ನು ನಡೆಸುವ ಪಿಜಿಎ ಟೂರ್ ಇದನ್ನು ಒಪ್ಪಿಕೊಂಡಿತು. ಆಗಸ್ಟಾದ ಮಾಸ್ಟರ್ಸ್ ಟೂರ್ನಿಯಲ್ಲಿ ಅದಕ್ಕೂ ಮೊದಲೇ ಇಂಥ ಪುಸ್ತಕಗಳಿಗೆ ಅವಕಾಶವಿರಲಿಲ್ಲ. ಈ ನಿಯಮ ಅತ್ಯುನ್ನತ ಮಟ್ಟದ ಸ್ಪರ್ಧೆಗಳಿಗಷ್ಟೇ ಎಂದು ಅದನ್ನು ಬರೆದವರೇ ಹೇಳಿದ್ದಾರೆ. ಕ್ಲಬ್ ಮಟ್ಟದ ಆಟಗಾರನಿಗೆ 2019ರ ಮಿತಿಯೊಳಗಿನ ಪುಸ್ತಕ ಈಗಲೂ ನಿಯಮಬದ್ಧ.

ಕಾರಣವಾಗಿ ಕೊಟ್ಟದ್ದು ಒಂದೇ: ಗ್ರೀನ್ ಓದುವುದು ಆಟದ ಕೌಶಲ, ಅದು ಆಟಗಾರನ ಕಣ್ಣು, ಅನುಭವ, ತೀರ್ಮಾನದಿಂದ ಬರಬೇಕು. ಪುಸ್ತಕ ಬಳಸುತ್ತಿದ್ದ ರೋರಿ ಮೆಕಿಲ್‌ರಾಯ್‌ರಂಥವರೇ ಅದು ಹೋಗಲಿ ಎಂದಿದ್ದರು. ಪರಿಶ್ರಮಪಟ್ಟು ನಕ್ಷೆ ಓದಲು ಕಲಿಯುವುದೂ ಕೌಶಲವೇ ಅಲ್ಲವೇ ಎಂಬ ವಾದವೂ ಇತ್ತು, ಬ್ರೈಸನ್ ಡಿಶಾಂಬೊ ಆ ಬದಿಯಲ್ಲಿದ್ದರು.

ಬೆರಳೆತ್ತಿ ನಿಲ್ಲುವವರು ಏನು ಮಾಡುತ್ತಿದ್ದಾರೆ?

ಟಿವಿಯಲ್ಲಿ ಇನ್ನೊಂದು ದೃಶ್ಯ ಕಾಣುತ್ತದೆ. ಆಟಗಾರ ಚೆಂಡಿಗೂ ಕುಳಿಗೂ ನಡುವೆ ಕಾಲು ಅಗಲಿಸಿ ನಿಂತು, ಆಮೇಲೆ ಒಂದು ಕಣ್ಣು ಮುಚ್ಚಿ ಬೆರಳುಗಳನ್ನು ಮುಂದೆ ಚಾಚುತ್ತಾನೆ. ಇದು ಮಾರ್ಕ್ ಸ್ವೀನಿ ರೂಪಿಸಿದ ಏಮ್‌ಪಾಯಿಂಟ್ ಎಂಬ ಪದ್ಧತಿ. ಯಾವ ಪಾದದ ಮೇಲೆ ಭಾರ ಹೆಚ್ಚು ಬೀಳುತ್ತದೆ ಎಂಬುದರಿಂದ ವಾಟವನ್ನು ಅಂದಾಜಿಸುವುದು, ಶೇ 1ಕ್ಕೆ ಒಂದು ಬೆರಳು, ಶೇ 2ಕ್ಕೆ ಎರಡು ಬೆರಳಿನಂತೆ ಕುಳಿಯಿಂದ ಪಕ್ಕಕ್ಕೆ ಗುರಿ ಇಡುವುದು. ಜಿ-11 ನಿಯಮ ಇದನ್ನು ತಡೆಯುವುದಿಲ್ಲ, ಏಕೆಂದರೆ ಇಲ್ಲಿ ಅಳೆಯುವುದು ಆಟಗಾರನ ಮೈಯೇ. ಮೇಲೆ ಹೇಳಿದ ಗುಡ್ಡದ ಭ್ರಮೆಗೆ ಪಾದ ಕಣ್ಣಿನಷ್ಟು ಸುಲಭವಾಗಿ ಬಲಿಯಾಗುವುದಿಲ್ಲ ಎಂಬುದು ಇದರ ಹೆಚ್ಚುಗಾರಿಕೆ. ಪುಸ್ತಕವಿರುವವರು ಅಭ್ಯಾಸದ ದಿನ ಪಾದದ ಅಂದಾಜನ್ನು ಪುಟದ ಅಂಕಿಯ ಜತೆ ತಾಳೆ ನೋಡಿದರೆ ಪಾದ ಬೇಗ ಪಳಗುತ್ತದೆ.

ಕೊಳ್ಳುವ ಮುನ್ನ

ಸಾಗರದ ತಂದೆಯ ಪ್ರಶ್ನೆಗೆ ಬಂದರೆ, ಮಗ ಆಡುವ ಮೈದಾನದ್ದೇ ಪುಸ್ತಕ ಸಿಗುತ್ತದೆಯೇ ಎಂದು ಮೊದಲು ನೋಡಬೇಕು. ಬೇರೆ ಮೈದಾನದ್ದು ರದ್ದಿಗೆ ಸಮ. ಸಿಕ್ಕರೆ ಅದನ್ನು ಯಾವ ವರ್ಷ ಅಳೆದದ್ದು, ಆಮೇಲೆ ಗ್ರೀನ್‌ಗಳನ್ನು ಮರುನಿರ್ಮಿಸಿದ್ದಾರೆಯೇ ಎಂದು ಮೈದಾನದವರನ್ನೇ ಕೇಳಬೇಕು. ಪ್ರಮಾಣವನ್ನು ಮನೆಯಲ್ಲೇ ಸ್ಕೇಲ್ ಇಟ್ಟು ಪರೀಕ್ಷಿಸಬಹುದು: ಮುಂದಿನಿಂದ ಹಿಂದಕ್ಕೆ 30 ಗಜ ಇರುವ ಗ್ರೀನ್ ಕಾಗದದ ಮೇಲೆ ಎರಡೂಕಾಲು ಅಂಗುಲ, ಅಂದರೆ 57 ಮಿಲಿಮೀಟರ್ ಮೀರಿರಬಾರದು. ಮೀರಿದ್ದರೆ ಅದು ಅಭ್ಯಾಸಕ್ಕೆ ಸರಿ, ಸ್ಪರ್ಧೆಯಲ್ಲಿ ಕಿಸೆಯಿಂದ ತೆಗೆಯುವಂತಿಲ್ಲ. ತೆಗೆದು ಬಳಸಿದರೆ ಸ್ಟ್ರೋಕ್ ಪ್ಲೇ, ಅಂದರೆ ಒಟ್ಟು ಹೊಡೆತ ಎಣಿಸುವ ಮಾದರಿಯ ಆಟದಲ್ಲಿ ಎರಡು ಹೊಡೆತಗಳ ದಂಡ, ಮತ್ತೆ ಅದೇ ತಪ್ಪು ಮಾಡಿದರೆ ಸ್ಪರ್ಧೆಯಿಂದಲೇ ಹೊರಕ್ಕೆ. ಟೂರ್ನಿಗೆ ಹೆಸರು ಕೊಡುವಾಗ ಅಲ್ಲಿ ಜಿ-11 ಜಾರಿಯಲ್ಲಿದೆಯೇ ಎಂದು ಸ್ಥಳೀಯ ನಿಯಮಗಳ ಹಾಳೆಯಲ್ಲಿ ನೋಡಿಕೊಳ್ಳುವುದು ಕ್ಷೇಮ. ಹಾಳೆಯಲ್ಲಿ ಆ ಮಾತಿಲ್ಲದಿದ್ದರೆ, ಅಳತೆ ಮೀರದ ಪುಸ್ತಕಕ್ಕೆ ಅಡ್ಡಿಯಿಲ್ಲ.